ಬೆಂಕಿ ತಡೆಯಲು ಕರೆಂಟ್ ನಿಲ್ಲಿಸಿದಾಗ: ಮೈಸೂರು, ಮಂಡ್ಯದ ಮನೆ-ಹೊಲಗಳಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ

ಬಿರುಗಾಳಿ ಬೀಸುವ ಒಣ ದಿನಗಳಲ್ಲಿ ವಿದ್ಯುತ್ ತಂತಿಯೇ ಕಾಳ್ಗಿಚ್ಚಿನ ಮೂಲವಾಗಬಹುದು. ಆದ್ದರಿಂದ ಅವಘಡ ಸಂಭವಿಸುವ ಮೊದಲೇ ಆ ಭಾಗದ ಮಾರ್ಗಗಳಲ್ಲಿ ಸರಬರಾಜನ್ನು ನಿಲ್ಲಿಸಿಬಿಡುವ ಪದ್ಧತಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಬೇರೂರಿದೆ. ಇದಕ್ಕೆ ಮೊದಲು ಕೈಹಾಕಿದ್ದು ದಕ್ಷಿಣದ ಸ್ಯಾನ್ ಡಿಯಾಗೊ ಪ್ರದೇಶದ ವಿದ್ಯುತ್ ಕಂಪನಿ. 2007ರ ಅಕ್ಟೋಬರ್‌ನಲ್ಲಿ ತಂತಿಗಳಿಂದ ಹೊತ್ತಿದ ಬೆಂಕಿ ಆ ಪ್ರದೇಶವನ್ನು ಸುಟ್ಟಿತ್ತು. 2018ರ ನವೆಂಬರ್ 8ರಂದು ರಾಜ್ಯದ ಉತ್ತರ ಭಾಗದಲ್ಲಿ ಹಳೆಯ ಪ್ರಸರಣ ಗೋಪುರವೊಂದರ ಸವೆದ ಕೊಕ್ಕೆ ಮುರಿದು, ತಂತಿ ಕಳಚಿ, ಅದರ ಕಿಡಿ ಒಣ ಹುಲ್ಲಿಗೆ ತಗುಲಿತು. ಕೆಲವೇ ಗಂಟೆಗಳಲ್ಲಿ ಪ್ಯಾರಡೈಸ್ ಎಂಬ ಊರು ಬಹುಪಾಲು ಬೂದಿಯಾಗಿ, 85 ಜನ ಸತ್ತರು. ಮರುವರ್ಷ, 2019ರ ಅಕ್ಟೋಬರ್‌ನಲ್ಲಿ, ಆ ಗೋಪುರದ ಒಡೆತನ ಹೊಂದಿದ್ದ ಉತ್ತರ ಭಾಗದ ಕಂಪನಿ 7 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಮುನ್ಸೂಚನೆ ಕೊಟ್ಟು ವಿದ್ಯುತ್ ನಿಲ್ಲಿಸಿತು. 2023ರ ಆಗಸ್ಟ್‌ನಲ್ಲಿ ಹವಾಯಿಯ ಲಹೈನಾ ಪಟ್ಟಣ ಸುಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡಾಗ ಅಲ್ಲಿ ಇಂಥ ಪದ್ಧತಿ ಇರಲಿಲ್ಲ; ಆ ದುರಂತದ ನಂತರ ಅಲ್ಲಿಯೂ ಅದನ್ನು ತಂದರು.

ನಮ್ಮ ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಕಾಳ್ಗಿಚ್ಚು ತಡೆಯಲೆಂದೇ ದಿನಗಟ್ಟಲೆ ವಿದ್ಯುತ್ ನಿಲ್ಲಿಸುವ ಕ್ರಮ ಆ ರೂಪದಲ್ಲಿಲ್ಲ. ನಮ್ಮ ಕಾಡುಗಳಿಗೆ ಬೀಳುವ ಬೆಂಕಿ ಬಹುಪಾಲು ಮನುಷ್ಯರ ಕೈಯಿಂದಲೇ ಹೊತ್ತುವಂಥದ್ದು. ತಂತಿಯ ಕಿಡಿಯಿಂದ ಬೀಳುವ ಬೆಂಕಿ ಇಲ್ಲಿ ಹೆಚ್ಚಾಗಿ ಕಾಣುವುದು ಕಬ್ಬಿನ ಗದ್ದೆಯಲ್ಲಿ, ಹುಲ್ಲಿನ ಮೆದೆಯಲ್ಲಿ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಜಾಗದ ಒಣ ಹುಲ್ಲಿನಲ್ಲಿ. ಆದರೂ ಫೆಬ್ರವರಿಯಿಂದ ಮೇ ತಿಂಗಳವರೆಗೆ ಬಿರುಗಾಳಿ ಎದ್ದಾಗ ಉಪಕೇಂದ್ರದಲ್ಲಿ ಲೈನ್ ತೆಗೆಯುವುದು ನಮಗೆಲ್ಲ ಗೊತ್ತಿರುವ ಸಂಗತಿ. ಮುಂಗಾರಿಗೆ ಮೊದಲು ಮರದ ಕೊಂಬೆ ಕಡಿಯಲು, ಜೋಲುಬಿದ್ದ ತಂತಿ ಬಿಗಿಯಲು ಇಡೀ ದಿನ ಸರಬರಾಜು ನಿಲ್ಲಿಸುವುದೂ ಉಂಟು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ತಂತಿ ಎಳೆದ ನಾಡು ಇದು. ತಂತಿಯ ಜೊತೆ ಬಾಳುವುದು ನಮಗೆ ಹೊಸದಲ್ಲ. ಆದರೆ ತಂತಿಯಲ್ಲಿ ಕರೆಂಟ್ ಇಲ್ಲದ ಹೊತ್ತಿನಲ್ಲಿ ಹೇಗಿರಬೇಕೆಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ಸರಬರಾಜು ನಿಂತ ಕೂಡಲೇ ತಂತಿಯ ಬೆಂಕಿಯ ಭಯ ಕಡಿಮೆಯಾಗುತ್ತದೆ, ಆದರೆ ಮೇಣದಬತ್ತಿ, ಜನರೇಟರ್, ಆಫ್ ಮಾಡಲು ಮರೆತ ಇಸ್ತ್ರಿ ಪೆಟ್ಟಿಗೆಗಳ ಮೂಲಕ ಅದೇ ಭಯ ಮನೆಯೊಳಗೆ ಬರುತ್ತದೆ. ಹೊರಗೆ ತಪ್ಪಿದ ಬೆಂಕಿ ಒಳಗೆ ಹೊತ್ತಿಕೊಳ್ಳದಂತೆ ನೋಡಿಕೊಳ್ಳುವುದಕ್ಕಾಗಿಯೇ ಈ ಬರಹ.

ತಂತಿಯಿಂದ ಬೆಂಕಿ ಬೀಳುವ ಬಗೆ

ಜೋಲುಬಿದ್ದ ಎರಡು ತಂತಿಗಳು ಗಾಳಿಗೆ ಓಲಾಡಿ ಒಂದಕ್ಕೊಂದು ತಗುಲಿದಾಗ ಕಿಡಿ ಹಾರುತ್ತದೆ, ಕರಗಿದ ಅಲ್ಯೂಮಿನಿಯಂ ಹನಿಗಳು ಕೆಳಗೆ ಬೀಳುತ್ತವೆ. ಕೆಳಗಿರುವುದು ಹಸಿ ನೆಲವಾದರೆ ಅಲ್ಲಿಗೆ ಮುಗಿಯಿತು. ಕಟಾವಿಗೆ ಬಂದ ಕಬ್ಬಿನ ಒಣ ತರಗಾದರೆ ಎಕರೆಗಟ್ಟಲೆ ಬೆಳೆ ನೋಡನೋಡುತ್ತಿದ್ದಂತೆ ಹೋಗುತ್ತದೆ. ತೆಂಗಿನ ಗರಿಯೋ ಮರದ ಕೊಂಬೆಯೋ ಎರಡು ತಂತಿಗಳ ನಡುವೆ ಸಿಕ್ಕಿಕೊಂಡರೂ ಇದೇ ಆಗುತ್ತದೆ. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಹರಿದು ನೆಲಕ್ಕೆ ಬಿದ್ದ ತಂತಿ. ಒಣಗಿದ ಮಣ್ಣು, ಮರಳು, ಜಲ್ಲಿಗಳ ಮೇಲೆ ಬಿದ್ದಾಗ ನೆಲಕ್ಕೆ ಹರಿಯುವ ವಿದ್ಯುತ್ತಿನ ಪ್ರಮಾಣ ಸಾಲದೆ ಉಪಕೇಂದ್ರದ ಬ್ರೇಕರ್ ಟ್ರಿಪ್ ಆಗದೆಯೇ ಉಳಿಯಬಹುದು. ಹಾಗಾದಾಗ ತಂತಿ ಸದ್ದಿಲ್ಲದೆ ಬಿದ್ದಿರುತ್ತದೆ, ಅದರಲ್ಲಿ ಜೀವ ಇರುತ್ತದೆ. ಕೆಲವು ಮಾರ್ಗಗಳಲ್ಲಿ ಬ್ರೇಕರ್ ಟ್ರಿಪ್ ಆದರೂ ಕೆಲವು ಕ್ಷಣಗಳ ನಂತರ ತಾನಾಗಿಯೇ ಮತ್ತೆ ಸೇರಿಕೊಳ್ಳುವ ವ್ಯವಸ್ಥೆ ಇರುತ್ತದೆ. ಒಣ ಹುಲ್ಲಿನ ಮೇಲೆ ಬಿದ್ದ ತಂತಿಗೆ ಹೀಗೆ ಎರಡನೇ ಸಲ ಕರೆಂಟ್ ಬಂದರೆ ಮೊದಲ ಸಲ ಹೊತ್ತದ ಬೆಂಕಿ ಆಗ ಹೊತ್ತುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಒಳನಾಡಿನಿಂದ ಕರಾವಳಿಯ ಕಡೆಗೆ ಬೀಸುವ ಒಣಗಾಳಿ ಮಳೆಯಿಲ್ಲದೆ ಒಂದೆರಡು ದಿನ ಬಿಡದೆ ಬೀಸುವುದರಿಂದ ಅಲ್ಲಿ ವಿದ್ಯುತ್ತನ್ನೂ ಅಷ್ಟು ಹೊತ್ತು ನಿಲ್ಲಿಸಬೇಕಾಗುತ್ತದೆ. ನಮ್ಮಲ್ಲಿ ರೇವತಿ, ಅಶ್ವಿನಿ, ಭರಣಿ ಮಳೆಗಳ ಕಾಲದ ಗಾಳಿ ಬೇರೆ ಸ್ವಭಾವದ್ದು. ಮಧ್ಯಾಹ್ನದವರೆಗೆ ಸುಡುಬಿಸಿಲು, ಸಂಜೆಯ ಹೊತ್ತಿಗೆ ದೂಳೆಬ್ಬಿಸುವ ಬಿರುಗಾಳಿ, ಅದರ ಹಿಂದೆಯೇ ಗುಡುಗು, ಸಿಡಿಲು, ಆಲಿಕಲ್ಲು ಮಳೆ. ಮಳೆಯ ಮೊದಲ ಹನಿ ಬೀಳುವುದಕ್ಕೆ ಮುಂಚಿನ ಆ ಸ್ವಲ್ಪ ಹೊತ್ತೇ ಬೆಂಕಿಯ ದೃಷ್ಟಿಯಿಂದ ಅತ್ಯಂತ ಕೆಟ್ಟ ಹೊತ್ತು, ಏಕೆಂದರೆ ಆಗ ಗಾಳಿ ಗರಿಷ್ಠವಾಗಿರುತ್ತದೆ, ನೆಲದ ಮೇಲಿನ ಎಲ್ಲವೂ ಇನ್ನೂ ಒಣಗಿರುತ್ತದೆ. ಆ ಹೊತ್ತಿನಲ್ಲಿ ಲೈನ್ ತೆಗೆದರೆ ಸಿಡುಕುವ ಬದಲು, ತೆಗೆದದ್ದು ಸರಿಯೇ ಎಂದು ತಿಳಿದುಕೊಳ್ಳಬೇಕು.

ಸುದ್ದಿ ಮುಂಚೆಯೇ ತಿಳಿಯುವುದು ಹೇಗೆ

ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳಿಗೆ ವಿದ್ಯುತ್ ಒದಗಿಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್, ಯೋಜಿತ ನಿಲುಗಡೆಯ ಪ್ರಕಟಣೆಗಳನ್ನು ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿಯೂ ಸಾಮಾಜಿಕ ಜಾಲತಾಣಗಳಲ್ಲಿಯೂ ಕೊಡುತ್ತದೆ. ಈ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಉಪಕೇಂದ್ರದ ಅಥವಾ ಫೀಡರಿನ (ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗದ) ಹೆಸರಿರುತ್ತದೆಯೇ ಹೊರತು ನಿಮ್ಮ ಬೀದಿಯ ಹೆಸರು ಇರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ನಿಮ್ಮ ಮನೆಗೆ ಯಾವ ಉಪಕೇಂದ್ರದ ಯಾವ ಫೀಡರ್‌ನಿಂದ ಕರೆಂಟ್ ಬರುತ್ತದೆ ಎಂಬುದನ್ನು ಲೈನ್‌ಮನ್ ಅವರನ್ನೋ ಶಾಖಾ ಕಚೇರಿಯನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಅದೇ ಹಾಳೆಯಲ್ಲಿ ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆ, ಹತ್ತಿರದ ಟಿಸಿ ಮೇಲೆ ಬರೆದಿರುವ ಸಂಖ್ಯೆ, ಶಾಖಾ ಕಚೇರಿಯ ದೂರವಾಣಿ ಇರಲಿ. ಸಹಾಯವಾಣಿ 1912ಕ್ಕೆ ಕರೆಮಾಡಿದಾಗ ಈ ವಿವರಗಳು ಕೈಯಲ್ಲಿದ್ದರೆ ದೂರು ಸರಿಯಾದ ಜಾಗಕ್ಕೆ ಬೇಗ ಹೋಗುತ್ತದೆ. ಹಾಳೆಯನ್ನು ಮೀಟರ್ ಬೋರ್ಡಿನ ಪಕ್ಕದಲ್ಲೇ ಅಂಟಿಸಿ, ಒಂದು ಪ್ರತಿಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಬಿರುಗಾಳಿಯ ಸುದ್ದಿಗೆ ಭಾರತೀಯ ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳನ್ನು ನೋಡುವುದು ಒಳ್ಳೆಯದು. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದು ಅರ್ಥ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಎಂಬ ಆ್ಯಪ್ ಇದೆ. ಹೊಲದಲ್ಲಿ ಕೆಲಸ ಮಾಡುವವರ ಮೊಬೈಲಿನಲ್ಲಿ ಅದು ಇರಲೇಬೇಕೆಂದು ನನ್ನ ಅಭಿಪ್ರಾಯ.

ಉಸಿರಿಗೆ, ಔಷಧಿಗೆ ಕರೆಂಟ್ ಬೇಕಾದವರು

ಕತ್ತಲೆ, ಸೆಕೆ, ನಿಂತ ಟಿವಿ ಇವೆಲ್ಲ ಸಹಿಸಬಹುದಾದ ತೊಂದರೆಗಳು. ಆಮ್ಲಜನಕ ಯಂತ್ರದ ಮೇಲೆ ಉಸಿರಾಡುವ ಹಿರಿಯರಿರುವ ಮನೆಯಲ್ಲಿ ವಿದ್ಯುತ್ ನಿಲುಗಡೆ ಜೀವದ ಪ್ರಶ್ನೆ. ಹಾಗಾಗಿ ಸಿದ್ಧತೆ ಇಲ್ಲಿಂದಲೇ ಶುರುವಾಗಬೇಕು.

ಮನೆಯಲ್ಲಿ ಬಳಸುವ ಐದು ಲೀಟರಿನ ಆಕ್ಸಿಜನ್ ಕಾನ್ಸೆಂಟ್ರೇಟರ್ ಸುಮಾರು 300ರಿಂದ 350 ವಾಟ್ ವಿದ್ಯುತ್ ಎಳೆಯುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1,800 ವಾಟ್-ಅವರ್ ಇದ್ದರೂ, ಬ್ಯಾಟರಿಯ ವಯಸ್ಸು ಮತ್ತು ಯುಪಿಎಸ್‌ನ ನಷ್ಟವನ್ನು ಕಳೆದರೆ 1,200ರಷ್ಟು ಸಿಕ್ಕರೆ ಹೆಚ್ಚು. ಅಂದರೆ ಬೇರೇನನ್ನೂ ಹಾಕದೆ ಯಂತ್ರವೊಂದನ್ನೇ ನಡೆಸಿದರೂ ಮೂರೂವರೆ ಗಂಟೆಯ ಆಚೆಗೆ ನಂಬುವಂತಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ನಿಲುಗಡೆ ಎಂದು ಪ್ರಕಟಣೆ ಬಂದಿದ್ದರೆ ಈ ಲೆಕ್ಕ ಸಾಲದು. ಇಂಥ ಮನೆಯಲ್ಲಿ ವೈದ್ಯರ ಸಲಹೆಯಂತೆ ಒಂದು ತುಂಬಿದ ಸಿಲಿಂಡರ್ ಇಟ್ಟುಕೊಳ್ಳಲೇಬೇಕು. ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ ಎರಡು ಲೀಟರ್ ಹರಿವಿಟ್ಟರೆ ಅದು ಹನ್ನೆರಡು ಗಂಟೆಯಷ್ಟು ಬರುತ್ತದೆ. ರೆಗ್ಯುಲೇಟರ್ ಜೋಡಿಸುವುದನ್ನು ಮನೆಯ ಇಬ್ಬರಾದರೂ ಬೆಳಕಿನಲ್ಲಿ ಕಲಿತಿರಬೇಕು. ಕತ್ತಲಲ್ಲಿ, ಗಾಬರಿಯಲ್ಲಿ ಕಲಿಯುವ ವಿದ್ಯೆ ಅದಲ್ಲ. ಆಮ್ಲಜನಕ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ, ಸೊಳ್ಳೆಬತ್ತಿ ಏನನ್ನೂ ಹಚ್ಚಬಾರದು, ಮೇಣದಬತ್ತಿಯನ್ನಂತೂ ಖಂಡಿತ ಹಚ್ಚಬಾರದು.

ಇಂಥ ರೋಗಿ ಮನೆಯಲ್ಲಿದ್ದಾರೆ ಎಂಬುದನ್ನು ಶಾಖಾ ಕಚೇರಿಗೆ ಆರ್.ಆರ್. ಸಂಖ್ಯೆಯೊಂದಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ವೈದ್ಯಕೀಯ ಉಪಕರಣ ಬಳಸುವ ಮನೆಗಳಿಗೆ ಮೆಡಿಕಲ್ ಬೇಸ್‌ಲೈನ್ ಎಂಬ ನೋಂದಣಿ ಇದೆ. ನಿಲುಗಡೆಗೆ ಮುನ್ನ ಕಳಿಸಿದ ಸಂದೇಶಕ್ಕೆ ಆ ಮನೆಯವರಿಂದ ಉತ್ತರ ಬಾರದಿದ್ದರೆ ಕಂಪನಿಯವರು ಮನೆಬಾಗಿಲಿಗೇ ಹೋಗಿ ತಿಳಿಸುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಅಕ್ಕಪಕ್ಕದವರೇ ಮಾಡಬೇಕು. ಪಕ್ಕದ ಮನೆಯಲ್ಲಿ ಅಜ್ಜ-ಅಜ್ಜಿ ಇಬ್ಬರೇ ಇದ್ದರೆ, ನಿಲುಗಡೆಯ ಸುದ್ದಿ ಅವರಿಗೆ ತಲುಪಿದೆಯೇ ಎಂದು ಹಿಂದಿನ ಸಂಜೆಯೇ ಹೋಗಿ ಕೇಳಿ ಬನ್ನಿ.

ಇನ್ಸುಲಿನ್ ಬಳಸುವವರು ಇಷ್ಟು ಆತಂಕಪಡಬೇಕಿಲ್ಲ. ತೆರೆದ ಬಾಟಲಿ ಅಥವಾ ಪೆನ್ ಅನ್ನು ಸಾಮಾನ್ಯವಾಗಿ ನಾಲ್ಕು ವಾರದವರೆಗೆ ತಂಪಾದ ಕೋಣೆಯ ಉಷ್ಣತೆಯಲ್ಲಿ ಇಡಬಹುದು; ನಿಮ್ಮ ಔಷಧಿಯ ಪೊಟ್ಟಣದ ಮೇಲಿನ ಸೂಚನೆಯನ್ನು ಓದಿಕೊಳ್ಳಿ. ತೆರೆಯದ ಬಾಟಲಿಗಳು ಮುಚ್ಚಿದ ಫ್ರಿಜ್‌ನಲ್ಲೇ ಇರಲಿ. ನಿಲುಗಡೆ ಉದ್ದವಾದರೆ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಚಿಕ್ಕ ಪಾತ್ರೆಯಲ್ಲಿಟ್ಟರೆ ಏಪ್ರಿಲ್ ತಿಂಗಳಲ್ಲೂ ತಂಪಾಗಿರುತ್ತದೆ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಮನೆಯೊಳಗಿನ ಸಿದ್ಧತೆ

ಹಿಂದಿನ ರಾತ್ರಿಯೇ ಓವರ್‌ಹೆಡ್ ಟ್ಯಾಂಕ್ ತುಂಬಿಸಿ. ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೂ ಕರೆಂಟಿನಿಂದಲೇ ನಡೆಯುವುದರಿಂದ ಕ್ಯಾನುಗಳನ್ನು ಮುಂಚೆಯೇ ತುಂಬಿಸಿಕೊಳ್ಳಿ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಪೂರ್ತಿ ಚಾರ್ಜ್ ಆಗಿರುವುದನ್ನು ಖಚಿತಪಡಿಸಿಕೊಳ್ಳಿ. ಮೇಲೆ ಹೇಳಿದ 1,200 ವಾಟ್-ಅವರ್ ಲೆಕ್ಕದಲ್ಲಿ ಎರಡು ಹಳೆಯ ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು, ಇಂಟರ್ನೆಟ್ ರೂಟರ್ ಇಷ್ಟನ್ನು ಹಾಕಿದರೆ ಸುಮಾರು 200 ವಾಟ್ ಆಗಿ ಆರು ಗಂಟೆ ನಡೆಯುತ್ತದೆ. ಇದರ ಜೊತೆಗೆ ಟಿವಿ, ಮಿಕ್ಸಿ ಎಂದು ಸೇರಿಸುತ್ತಾ ಹೋದರೆ ರಾತ್ರಿಯ ಹೊತ್ತಿಗೆ ಫ್ಯಾನೂ ನಿಲ್ಲುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಅದನ್ನು ಬೀರುವಿನೊಳಗೆ, ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ ಇಟ್ಟವರು ಗಾಳಿಯಾಡುವ ಜಾಗಕ್ಕೆ ಬದಲಿಸಬೇಕು.

ಫ್ರಿಜ್ ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ನಾಲ್ಕು ಗಂಟೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತಿನ ನಿಲುಗಡೆಯಾದರೆ ಹಾಲನ್ನು ಕಾಯಿಸಿ ಹೆಪ್ಪು ಹಾಕಿಬಿಡುವುದು, ಹುಳಿ, ಪಲ್ಯ, ಅನ್ನಗಳನ್ನು ಆ ಹೊತ್ತಿಗೆ ಬೇಕಾದಷ್ಟೇ ಮಾಡುವುದು ನಮ್ಮ ಅಡುಗೆಮನೆಗಳಿಗೆ ಗೊತ್ತಿರುವ ದಾರಿಯೇ ಆಗಿದೆ. ಅಪಾರ್ಟ್‌ಮೆಂಟಿನಲ್ಲಿರುವವರು ನಿಲುಗಡೆಯ ನಿಗದಿತ ಹೊತ್ತಿಗೆ ಹದಿನೈದು ನಿಮಿಷ ಮುಂಚಿನಿಂದಲೇ ಲಿಫ್ಟ್ ಬಳಸಬಾರದು.

ಬೆಳಕಿಗೆ ಟಾರ್ಚ್, ಚಾರ್ಜಿಂಗ್ ಲೈಟು ಸಾಕು, ಮೇಣದಬತ್ತಿ ಬೇಡ. ಗಾಳಿಯ ರಾತ್ರಿ ಕಿಟಕಿಯ ಪರದೆ ಹಾರಿ ಬತ್ತಿಯ ಮೇಲೆ ಬೀಳಲು ಕ್ಷಣ ಸಾಕು. ದೇವರ ದೀಪವನ್ನು ಕೂಡ ಮನೆಯವರು ಎಚ್ಚರವಾಗಿರುವ ತನಕ ಮಾತ್ರ ಉರಿಸಿ, ಮಲಗುವ ಮುನ್ನ ಶಾಂತ ಮಾಡಿ. ಸೊಳ್ಳೆಬತ್ತಿಯನ್ನು ಮಂಚದ ಕೆಳಗೆ ಇಡದೆ ಬೂದಿ ಹಾಕಿದ ತಟ್ಟೆಯಲ್ಲಿ ಬಟ್ಟೆಬರೆಯಿಂದ ದೂರವಿಡಿ. ಜನರೇಟರ್ ಇರುವವರು ಅದನ್ನು ಹೊರಾಂಗಣದಲ್ಲಿ, ಕಿಟಕಿ-ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರದಲ್ಲಿ ನಡೆಸಬೇಕು. ಅದು ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆ ಬಂತೆಂದು ಯಂತ್ರವನ್ನು ಪಡಸಾಲೆಗೋ ಮುಚ್ಚಿದ ಶೆಡ್ಡಿಗೋ ಎಳೆದುಕೊಂಡು ಮಲಗಿದವರು ಏಳುವುದಿಲ್ಲ. ಯಂತ್ರ ಬಿಸಿಯಿರುವಾಗ ಪೆಟ್ರೋಲ್ ತುಂಬಬಾರದು.

ಕ್ಯಾಲಿಫೋರ್ನಿಯಾದ ಮಕ್ಕಳ ಮನೆಗೆ ಹೋಗುವ ತಂದೆ-ತಾಯಂದಿರು

ಮೈಸೂರಿನ ಹಲವು ಮನೆಗಳ ಹಿರಿಯರು ವರ್ಷದಲ್ಲಿ ಕೆಲವು ತಿಂಗಳು ಅಲ್ಲಿರುತ್ತಾರೆ. ಅಲ್ಲಿ ಇಂಥ ನಿಲುಗಡೆ ಹೆಚ್ಚಾಗಿ ಬರುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಒಣ ತಿಂಗಳುಗಳಲ್ಲಿ. ಮಕ್ಕಳು ಕೆಲಸಕ್ಕೆ ಹೋದಾಗ ಮನೆಯಲ್ಲಿ ಒಬ್ಬರೇ ಇರುವ ತಂದೆ-ತಾಯಂದಿರು ನಾಲ್ಕು ಸಂಗತಿಗಳನ್ನು ಕಲಿತಿರಬೇಕು. ಅಲ್ಲಿನ ಹಲವು ಮನೆಗಳಲ್ಲಿ ಒಲೆಯೇ ವಿದ್ಯುತ್ತಿನದು, ಆದ್ದರಿಂದ ಬೆಂಕಿಯಿಲ್ಲದೆ ತಿನ್ನಬಹುದಾದ ಅವಲಕ್ಕಿ, ಹುರಿಹಿಟ್ಟು, ಹಣ್ಣು ಮನೆಯಲ್ಲಿರಲಿ. ಗ್ಯಾರೇಜ್ ಬಾಗಿಲು ಮೋಟರಿನಿಂದ ತೆರೆಯುವಂಥದ್ದು. ಅದನ್ನು ಕೈಯಿಂದ ತೆರೆಯಲು ಒಳಗೆ ಒಂದು ಹಗ್ಗ ನೇತಾಡುತ್ತಿರುತ್ತದೆ, ಅದನ್ನು ಎಳೆದು ಬಾಗಿಲೆತ್ತುವುದನ್ನು ಮಕ್ಕಳ ಎದುರಿಗೆ ಒಂದು ಸಲ ಮಾಡಿ ನೋಡಿ. ಮೊಬೈಲ್ ಟವರುಗಳ ಬ್ಯಾಟರಿ ಮುಗಿದಾಗ ಫೋನು ಹೋಗದಿರಬಹುದು, ಹಾಗಾಗಿ ಇಲ್ಲಿ ಮೈಸೂರಿನಲ್ಲಿರುವವರು ಕರೆ ಸಿಗಲಿಲ್ಲವೆಂದು ಕೂಡಲೇ ಗಾಬರಿಯಾಗಬೇಕಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ವಿದ್ಯುತ್ ನಿಲ್ಲಿಸಿದರೆ ಬೆಂಕಿ ಬೀಳುವುದೇ ಇಲ್ಲವೆಂದಲ್ಲ. ಮನೆ ಬಿಟ್ಟು ಹೊರಡಿ ಎಂಬ ಆದೇಶ ಬಂದರೆ ಪಾಸ್‌ಪೋರ್ಟ್, ಔಷಧಿ, ಕನ್ನಡಕಗಳನ್ನು ಹಾಕಿಟ್ಟ ಚೀಲವೊಂದನ್ನು ಹಿಡಿದು ಕೂಡಲೇ ಹೊರಡಬೇಕು.

ಲೈನಿಗೆ ಹಿಮ್ಮುಖವಾಗಿ ಹರಿಯುವ ಕರೆಂಟ್

ಈ ಬರಹದಲ್ಲಿ ಬೇರೇನನ್ನು ಮರೆತರೂ ಈ ಭಾಗವನ್ನು ಮರೆಯಬಾರದೆಂದು ನನ್ನ ವಿನಂತಿ. ನಿಲುಗಡೆಯ ಹೊತ್ತಿನಲ್ಲಿ ಲೈನ್‌ಮನ್ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಂಡು ಕಂಬ ಹತ್ತುತ್ತಾನೆ. ಉಪಕೇಂದ್ರದ ಕಡೆಯಿಂದ ಕರೆಂಟ್ ಬರುವುದಿಲ್ಲವೆಂಬ ಭರವಸೆ ಅವನಿಗಿದೆ. ಆದರೆ ಕೆಳಗೆ ಯಾರೋ ಒಬ್ಬರು ಜನರೇಟರನ್ನೋ ಟ್ರ್ಯಾಕ್ಟರಿನಿಂದ ನಡೆಸುವ ಆಲ್ಟರ್ನೇಟರನ್ನೋ ಮೇನ್ ಸ್ವಿಚ್ ತೆಗೆಯದೆ ಮನೆಯ ಅಥವಾ ಪಂಪ್‌ಸೆಟ್ಟಿನ ವೈರಿಂಗಿಗೆ ಜೋಡಿಸಿದರೆ, ಅದರ ವಿದ್ಯುತ್ ಟಿಸಿಗೆ ಹಿಮ್ಮುಖವಾಗಿ ಹೋಗುತ್ತದೆ. ಹನ್ನೊಂದು ಸಾವಿರ ವೋಲ್ಟನ್ನು ನಮಗೆ ಬೇಕಾದ 400ರ ಆಸುಪಾಸಿಗೆ ಇಳಿಸುವ ಅದೇ ಟಿಸಿ, ಕೆಳಗಿನಿಂದ ಬಂದ ವಿದ್ಯುತ್ತನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಂಬದ ಮೇಲಿನ ತಂತಿಗೆ ಕಳಿಸುತ್ತದೆ. ಕಂಬದ ಮೇಲಿರುವವನು ಬದುಕುವುದಿಲ್ಲ.

ಇದನ್ನು ತಪ್ಪಿಸಲು ಚೇಂಜ್‌ಓವರ್ ಸ್ವಿಚ್ ಒಂದೇ ಸರಿಯಾದ ದಾರಿ. ಅದು ಲೈನ್ ಮತ್ತು ಜನರೇಟರ್ ಎರಡೂ ಏಕಕಾಲಕ್ಕೆ ಸೇರದಂತೆ ಮಾಡುತ್ತದೆ. ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸುವ ಅಭ್ಯಾಸವನ್ನು ಬಿಟ್ಟೇಬಿಡಬೇಕು. ಚೇಂಜ್‌ಓವರ್ ಇಲ್ಲದವರು ಫ್ರಿಜ್ ಅಥವಾ ದೀಪದ ವೈರನ್ನು ನೇರವಾಗಿ ಜನರೇಟರಿನ ಸಾಕೆಟ್ಟಿಗೇ ಹಾಕಿಕೊಳ್ಳಲಿ.

ಮನೆಯ ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿರುವವರಿಗೆ ಒಂದು ಮಾತು. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿರುವ ಸೌರ ವ್ಯವಸ್ಥೆ, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಮನೆಯಲ್ಲಿ ಕರೆಂಟ್ ಇರುವುದಿಲ್ಲ. ಅದು ಯಂತ್ರದ ದೋಷವಲ್ಲ, ಕಂಬದ ಮೇಲಿರುವವನ ಜೀವ ಉಳಿಸಲೆಂದೇ ಇಟ್ಟ ವ್ಯವಸ್ಥೆ. ನಿಲುಗಡೆಯಲ್ಲೂ ಸೌರ ವಿದ್ಯುತ್ ಬೇಕೆನ್ನುವವರು ಬ್ಯಾಟರಿ ಸಹಿತದ ಹೈಬ್ರಿಡ್ ಇನ್ವರ್ಟರ್ ಹಾಕಿಸಿಕೊಳ್ಳಬೇಕಾಗುತ್ತದೆ.

ಹೊಲ, ಗದ್ದೆ, ಕಣ

ಬೇಸಿಗೆ ಹತ್ತುವ ಮೊದಲೇ, ಜನವರಿಯ ಹೊತ್ತಿಗೆ, ನಿಮ್ಮ ಜಮೀನಿನ ಮೇಲೆ ಹಾದುಹೋಗುವ ತಂತಿಗಳನ್ನು ಒಂದು ಸುತ್ತು ನೋಡಿ ಬನ್ನಿ. ಎಲ್ಲಿ ತಂತಿ ಕೈಗೆಟಕುವಂತೆ ಜೋಲುಬಿದ್ದಿದೆ, ಎಲ್ಲಿ ಕಂಬ ವಾಲಿದೆ, ಎಲ್ಲಿ ತೆಂಗಿನ ಗರಿ ತಂತಿಗೆ ತಾಗುತ್ತಿದೆ ಎಂಬುದರ ಫೋಟೊ ತೆಗೆದು ಶಾಖಾ ಕಚೇರಿಗೆ ಅರ್ಜಿ ಕೊಡಿ. ಅರ್ಜಿಯ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ತಂತಿಯ ಹತ್ತಿರದ ಗರಿಯನ್ನಾಗಲಿ ಕೊಂಬೆಯನ್ನಾಗಲಿ ನೀವೇ ದೋಟಿಯಿಂದ ಕೀಳಲು ಹೋಗಬೇಡಿ. ಹಸಿ ಬಿದಿರಿನಲ್ಲೂ ಹಸಿ ಕೊಂಬೆಯಲ್ಲೂ ವಿದ್ಯುತ್ ಹರಿಯುತ್ತದೆ. ಎಲ್‌ಸಿ ತೆಗೆದುಕೊಂಡು ಅದನ್ನು ಕಡಿಯುವುದು ಲೈನ್‌ಮನ್ ಕೆಲಸ.

ನೀವೇ ಮಾಡಬೇಕಾದ ಕೆಲಸ ನೆಲದ ಮೇಲಿದೆ. ತಂತಿಯ ಕೆಳಗೆ ಮೆದೆ ಒಟ್ಟಬೇಡಿ, ಕಣ ಮಾಡಬೇಡಿ, ಆಲೆಮನೆಯ ಒಣ ಸಿಪ್ಪೆಯನ್ನು ರಾಶಿ ಹಾಕಬೇಡಿ. ಕಟಾವಿಗೆ ಬಂದ ಕಬ್ಬಿನ ಗದ್ದೆಯಲ್ಲಿ ತಂತಿ ಹಾದುಹೋಗುವ ಪಟ್ಟಿಯ ತರಗನ್ನು ಬಿಡಿಸಿ ಬೇರೆಡೆಗೆ ಒಯ್ಯಿರಿ, ಸಾಧ್ಯವಿದ್ದರೆ ಆ ಪಟ್ಟಿಯ ಕಬ್ಬನ್ನೇ ಮೊದಲು ಕಡಿಸಿ. ಕಾರ್ಖಾನೆಯ ಕಟಾವಿನ ಸರದಿ ನಿಮ್ಮ ಕೈಯಲ್ಲಿಲ್ಲದಿದ್ದರೆ, ಆ ಪಟ್ಟಿಗೆ ನೀರು ಹಾಯಿಸಿ ನೆಲವನ್ನಾದರೂ ಹಸಿಯಾಗಿಡಿ. ಟಿಸಿಯ ಸುತ್ತ ಬೆಳೆದ ಒಣ ಹುಲ್ಲನ್ನು ಬೆಂಕಿ ಹಚ್ಚಿ ತೆಗೆಯಬೇಡಿ, ಟಿಸಿಯಲ್ಲಿರುವುದು ಎಣ್ಣೆ. ಲೈನ್‌ಮನ್‌ಗೆ ಹೇಳಿ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಅವರ ಎದುರಿಗೇ ಕೊಯ್ದು ಹಾಕಿಸಿ. ಹುಲ್ಲು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ತಂತಿಗೆ ತಾಗಿ ನಡುರಸ್ತೆಯಲ್ಲಿ ಹೊತ್ತಿ ಉರಿಯುವುದನ್ನು ನಮ್ಮ ಕಡೆ ಪ್ರತಿ ಸುಗ್ಗಿಯಲ್ಲೂ ಕೇಳುತ್ತೇವೆ. ಹೊರೆಯ ಎತ್ತರವನ್ನು ದಾರಿಯಲ್ಲಿನ ಅತ್ಯಂತ ತಗ್ಗಿನ ತಂತಿಗೆ ತಕ್ಕಂತೆ ಇಟ್ಟುಕೊಳ್ಳಬೇಕು, ಹೊರೆಯ ಮೇಲೆ ಯಾರನ್ನೂ ಕೂರಿಸಬಾರದು.

ಎಚ್.ಡಿ. ಕೋಟೆ, ಹುಣಸೂರು ಕಡೆಯ ಕಾಡಂಚಿನ ಜಮೀನಿನವರು ಬದುವಿನ ಲಂಟಾನ ಪೊದೆಯನ್ನು ಬೇಸಿಗೆಗೆ ಮುನ್ನ ತೆಗೆಸುವುದು ಒಳ್ಳೆಯದು. ಹೊಲದ ಅಂಚಿನಲ್ಲಿ ಬಿದ್ದ ಕಿಡಿ ಆ ಪೊದೆಗಳ ಸಾಲು ಹಿಡಿದೇ ಕಾಡಿನೊಳಗೆ ಹೋಗುತ್ತದೆ. ಬೇಲಿಗೆ ಲೈನಿನಿಂದ ನೇರವಾಗಿ ಕರೆಂಟ್ ಕೊಡುವುದು ಅಪರಾಧ. ಆನೆಯನ್ನೂ ಮನುಷ್ಯರನ್ನೂ ಕೊಂದಿರುವ ಕೆಲಸ ಅದು.

ಗಾಳಿ ನಿಂತ ಮೇಲೆ

ಗಾಳಿ ನಿಂತಿತು, ಮಳೆಯೂ ಬಿಟ್ಟಿತು, ಇನ್ನೂ ಯಾಕೆ ಕರೆಂಟ್ ಬಿಟ್ಟಿಲ್ಲ ಎಂದು ಕೇಳುವುದು ಸಹಜ. ಕ್ಯಾಲಿಫೋರ್ನಿಯಾದಲ್ಲಿ ಗಾಳಿ ತಗ್ಗಿದ ನಂತರ ಸಿಬ್ಬಂದಿ ನಡೆದು, ವಾಹನದಲ್ಲಿ, ಹೆಲಿಕಾಪ್ಟರಿನಲ್ಲಿ ಹೋಗಿ, ನಿಲ್ಲಿಸಿದ್ದ ಮಾರ್ಗದ ಉದ್ದಕ್ಕೂ ತಪಾಸಣೆ ಮಾಡಿದ ಮೇಲೆಯೇ ಸರಬರಾಜು ಕೊಡುತ್ತಾರೆ, ಅದೂ ಹೆಚ್ಚಾಗಿ ಹಗಲಿನಲ್ಲಿ. ಇಲ್ಲಿಯೂ ಲೈನ್‌ಮನ್ ಟಾರ್ಚ್ ಹಿಡಿದು ಗದ್ದೆಬದುಗಳ ಮೇಲೆ ಕಂಬದಿಂದ ಕಂಬಕ್ಕೆ ನಡೆಯುತ್ತಿರುತ್ತಾನೆ. ನೋಡದೆ ಕರೆಂಟ್ ಬಿಟ್ಟರೆ, ಎಲ್ಲೋ ಹರಿದು ಬಿದ್ದ ತಂತಿಗೆ ಜೀವ ಬಂದು, ನಿಲ್ಲಿಸಿದ ಉದ್ದೇಶವೇ ವ್ಯರ್ಥವಾಗುತ್ತದೆ. ಆ ಹೊತ್ತಿನಲ್ಲಿ ನಾವು ನೆರವಾಗಬಹುದಾದ ರೀತಿ ಒಂದೇ: ಬಿದ್ದ ತಂತಿ, ಮುರಿದ ಕಂಬ ಕಂಡರೆ ಹತ್ತಿರದ ಟಿಸಿ ಸಂಖ್ಯೆ ಸಹಿತ 1912ಕ್ಕೆ ತಿಳಿಸುವುದು.

ಊರಿಗೆಲ್ಲ ಕರೆಂಟ್ ಇಲ್ಲದಿದ್ದರೂ ನೆಲಕ್ಕೆ ಬಿದ್ದ ತಂತಿಯಲ್ಲಿ ಜೀವವಿದೆ ಎಂದೇ ತಿಳಿಯಬೇಕು. ಅದರಿಂದ ಕನಿಷ್ಠ ಹತ್ತು ಮೀಟರ್ ದೂರವಿರಿ, ದನಕರುಗಳನ್ನೂ ದೂರ ಕಟ್ಟಿ. ತಿಳಿಯದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ, ದೊಡ್ಡ ಹೆಜ್ಜೆ ಇಡಬೇಡಿ. ಪಾದಗಳನ್ನು ಜೋಡಿಸಿಕೊಂಡು, ನೆಲದಿಂದ ಎತ್ತದೆ, ಎಳೆಯುತ್ತಾ ಹಿಂದೆ ಸರಿಯಿರಿ. ಎರಡು ಪಾದಗಳ ನಡುವಿನ ಅಂತರ ಹೆಚ್ಚಿದಷ್ಟೂ ಮೈಯೊಳಗೆ ಹರಿಯುವ ವಿದ್ಯುತ್ತು ಹೆಚ್ಚುತ್ತದೆ. ಕಾರಿನ ಮೇಲೆ ತಂತಿ ಬಿದ್ದರೆ ಬೆಂಕಿ ಹೊತ್ತದ ಹೊರತು ಒಳಗೇ ಕುಳಿತಿರಿ.

ಕರೆಂಟ್ ಬರುವ ಮುನ್ನ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಗೀಸರ್, ಫ್ರಿಜ್, ನೀರಿನ ಮೋಟರ್, ಟಿವಿಗಳ ಸ್ವಿಚ್ ಆಫ್ ಇರಲಿ; ಒಂದು ಬಲ್ಬಿನ ಸ್ವಿಚ್ ಮಾತ್ರ ಆನ್ ಇರಲಿ. ಕರೆಂಟ್ ಬಂದಾಗ ಆ ಬಲ್ಬು ಅತಿಯಾಗಿ ಪ್ರಕಾಶಿಸಿದರೆ ಅಥವಾ ಕೆಂಪಾಗಿ ಮಿಣುಕಿದರೆ, ನ್ಯೂಟ್ರಲ್ ಕಡಿದಿರುವ ಸಂಭವವಿದೆ. ಕೂಡಲೇ ಮೇನ್ ತೆಗೆದು ದೂರು ಕೊಡಿ. ಎಲ್ಲ ಸರಿಯಿದ್ದರೆ ಹತ್ತು-ಹದಿನೈದು ನಿಮಿಷ ಬಿಟ್ಟು ಒಂದೊಂದಾಗಿ ಹಾಕಿಕೊಳ್ಳಿ.

ಪಂಪ್‌ಸೆಟ್ಟಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಆಟೋ ಸ್ಟಾರ್ಟರ್ ಹಾಕಿರುವ ಮೋಟರುಗಳು ತ್ರೀ ಫೇಸ್ ಬಂದ ತಕ್ಷಣ ಏಕಕಾಲಕ್ಕೆ ತಿರುಗಲು ತೊಡಗಿ, ಟಿಸಿಯ ಮೇಲೆ ಒಮ್ಮೆಲೇ ಹೊರೆ ಬಿದ್ದು ಫ್ಯೂಸ್ ಹೋಗುತ್ತದೆ, ಕೆಲವು ಸಲ ಟಿಸಿಯೇ ಸುಡುತ್ತದೆ. ಹಾಗೆ ಸುಟ್ಟ ಟಿಸಿ ಬದಲಾಗಿ ಬರುವವರೆಗೆ ಅದರಡಿಯ ಎಲ್ಲರ ಬೆಳೆಯೂ ಒಣಗುತ್ತದೆ. ನಿಲುಗಡೆಯ ದಿನ ಆಟೋ ಸ್ಟಾರ್ಟರನ್ನು ಆಫ್ ಮಾಡಿಟ್ಟು, ಕರೆಂಟ್ ಬಂದ ಮೇಲೆ ಪಕ್ಕದ ಜಮೀನಿನವರೊಂದಿಗೆ ಮಾತಾಡಿಕೊಂಡು ಸರದಿಯಂತೆ ಮೋಟರ್ ಹಾಕಿ. ನಿಲುಗಡೆಯ ಹೊತ್ತಿನಲ್ಲಿ ಬಾವಿಯೊಳಗೆ ಇಳಿದು ಮೋಟರ್ ರಿಪೇರಿ ಮಾಡುವವರು ಫ್ಯೂಸ್ ಕ್ಯಾರಿಯರನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕು.

ಬೆಂಕಿ ಬಿದ್ದೇಬಿಟ್ಟರೆ

ತಂತಿಯ ಕೆಳಗಿನ ಬೆಂಕಿಗೆ, ಆ ತಂತಿಯಲ್ಲಿ ಕರೆಂಟ್ ಇಲ್ಲವೆಂಬುದು ಖಚಿತವಾಗುವವರೆಗೆ ನೀರು ಎರಚಬೇಡಿ. ಮೊದಲು 1912 ಅಥವಾ ಶಾಖಾ ಕಚೇರಿಗೆ ಹೇಳಿ ಲೈನ್ ತೆಗೆಸಿ, ಅದೇ ಹೊತ್ತಿಗೆ ಇನ್ನೊಬ್ಬರು 101 ಅಥವಾ 112ಕ್ಕೆ ಕರೆ ಮಾಡಲಿ. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಗಾಳಿಗೆ ಎದುರು ದಿಕ್ಕಿನಲ್ಲಿ ನಿಂತು ಬೆಂಕಿ ಆರಿಸಲು ಹೋಗದೆ, ಗಾಳಿ ಬೀಸುತ್ತಿರುವ ಕಡೆಯ ಮುಂದಿನ ಗದ್ದೆಯಲ್ಲಿ ಅಗಲವಾದ ಒಂದು ಪಟ್ಟಿಯ ಕಬ್ಬು ಕಡಿದು ತೆರವು ಮಾಡುವುದು ಹೆಚ್ಚು ಫಲಕಾರಿ. ಅದೂ ಬೆಂಕಿ ಸಾಕಷ್ಟು ದೂರದಲ್ಲಿದ್ದು, ಹಿಂದೆ ಸರಿಯಲು ದಾರಿಯಿದ್ದಾಗ ಮಾತ್ರ.

ಬೆಂಕಿ ಆರಿದ ಮೇಲೆ ಸುಟ್ಟ ಜಾಗ, ಹರಿದ ತಂತಿ, ಕಂಬಗಳನ್ನು ಯಾರೂ ಸರಿಸುವ ಮೊದಲೇ ಫೋಟೊ ಮತ್ತು ವಿಡಿಯೊ ತೆಗೆದಿಡಿ. ಪೊಲೀಸ್ ಠಾಣೆಗೆ ದೂರು ಕೊಟ್ಟು, ಗ್ರಾಮ ಆಡಳಿತಾಧಿಕಾರಿಯಿಂದ ಸ್ಥಳ ಮಹಜರು ಮಾಡಿಸಿ, ಅಗ್ನಿಶಾಮಕ ಠಾಣೆಯ ವರದಿಯ ಪ್ರತಿ ಪಡೆಯಿರಿ. ವಿದ್ಯುತ್ ಅವಘಡದ ಕಾರಣವನ್ನು ತನಿಖೆ ಮಾಡಿ ವರದಿ ಕೊಡುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಸರಬರಾಜು ಕಂಪನಿಯಿಂದ ಪರಿಹಾರ ಕೇಳುವಾಗ ಆ ವರದಿಯೇ ಆಧಾರವಾಗುವುದರಿಂದ ಅಲ್ಲಿಗೂ ಲಿಖಿತ ಮನವಿ ಕೊಡಬೇಕು. ಪಹಣಿ, ಕಾರ್ಖಾನೆಯೊಂದಿಗಿನ ಕಬ್ಬಿನ ಒಪ್ಪಂದದ ಪತ್ರ, ಜನವರಿಯಲ್ಲಿ ಜೋಲುಬಿದ್ದ ತಂತಿಯ ಬಗ್ಗೆ ಕೊಟ್ಟ ಅರ್ಜಿಯ ಸ್ವೀಕೃತಿ ಇವಿಷ್ಟನ್ನೂ ಆ ಮನವಿಯ ಜೊತೆಗೆ ಲಗತ್ತಿಸಿ. ಸುಟ್ಟ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದರಿಂದ, ಮಹಜರು ಮುಗಿದ ದಿನವೇ ಕಾರ್ಖಾನೆಯ ಕ್ಷೇತ್ರ ಸಿಬ್ಬಂದಿಗೆ ತಿಳಿಸಿ ತುರ್ತು ಕಟಾವಿನ ಅನುಮತಿ ಕೇಳಿ.